ಎದೆಯಲ್ಲಿ ನಿಂತ ತುತ್ತು

ತ್ಯಾಮಗೊಂಡ್ಲು ಸೀಮೆಯಲ್ಲೀಗ ಹೊಸ ರಾಗಿ, ಹೊಸ ಅವರೆ. ಬಿಸಿ ಮುದ್ದೆಗೆ ಹಿದುಕಿದವರೆ ಸಾರು. ಆದರೆ ಕೆಲವರಿಗೆ ತುತ್ತು ಗಂಟಲು ದಾಟುತ್ತದೆ, ಹೊಟ್ಟೆ ಮುಟ್ಟುವುದಿಲ್ಲ. ‘ಗ್ಯಾಸ್ಟ್ರಿಕ್’ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ತಿಂದರೂ ಬಗ್ಗದ ಈ ತೊಂದರೆಯ ಬೇರು ಅನ್ನನಾಳದ ನರಗಳಲ್ಲಿರಬಹುದು. ಅದನ್ನು ಹಿಡಿಯುವ ದಾರಿ ಒಂದು ಸರಳ ಪ್ರಶ್ನೆಯಿಂದ ಶುರುವಾಗುತ್ತದೆ.

ಧನುರ್ಮಾಸದ ಚಳಿ. ಒಲೆಯ ಮೇಲೆ ಎಸರು ಕೊತಕೊತ ಕುದಿಯುತ್ತಿದೆ. ರಾಗಿ ಹಿಟ್ಟು ಬಿದ್ದು, ಕೋಲು ಆಡಿ, ಮರದ ಹಲಗೆಯ ಮೇಲೆ ಒದ್ದೆ ಕೈಯಲ್ಲಿ ಮುದ್ದೆ ಕಟ್ಟುವ ಹೊತ್ತಿಗೆ ಮನೆ ತುಂಬ ಹೊಸ ರಾಗಿಯ ಘಮ. ಪಂಕ್ತಿಯಲ್ಲಿ ಐದಾರು ಮಂದಿ ಕೂತಿದ್ದಾರೆ. ಯಾರೂ ಹೆಚ್ಚು ಮಾತಾಡುತ್ತಿಲ್ಲ. ಮುದ್ದೆ ಆರುವುದರೊಳಗೆ ಊಟ ಮುಗಿಯಬೇಕು.

ನಾಲ್ಕನೇ ತುತ್ತಿಗೆ ಮನೆಯ ಅಳಿಯ ಕೈ ನಿಲ್ಲಿಸುತ್ತಾರೆ. ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತಾರೆ. ಮುಖ ಬಿಗಿಯುತ್ತದೆ. ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

“ಯಾಕಪ್ಪ, ಸಾರು ಖಾರ ಆಯ್ತಾ?” ಒಳಗಿನಿಂದ ಅತ್ತೆಯ ದನಿ.

“ಇಲ್ಲ ಅತ್ತೆ. ಎದೇಲಿ ನಿಂತ್ಕಂಡೈತೆ. ಈಗ ಇಳೀತೈತೆ.”

ಎರಡು ಸುತ್ತು ನಡೆದ ಮೇಲೆ ಎದೆಯೊಳಗೆ ಏನೋ ಸರಿದಂತಾಗಿ ನಿರಾಳವಾಗುತ್ತದೆ. ಬಂದು ಕೂರುತ್ತಾರೆ. ಮತ್ತೆ ಎರಡು ತುತ್ತು, ಮತ್ತೆ ಚೊಂಬು.

ಇದು ಯಾರೋ ಒಬ್ಬರ ಮನೆಯ ಗುಟ್ಟನ್ನು ಬೀದಿಗೆ ತಂದ ಕತೆಯಲ್ಲ. ಅನ್ನನಾಳದ ಚಲನೆ ಕೆಟ್ಟವರು ಊಟದ ಹೊತ್ತಿನಲ್ಲಿ ತಾವಾಗಿ ಕಂಡುಕೊಳ್ಳುವ ಉಪಾಯಗಳು ವೈದ್ಯ ಗ್ರಂಥಗಳಲ್ಲಿ ದಾಖಲಾಗಿವೆ: ತುತ್ತು ತುತ್ತಿಗೂ ನೀರು, ಎದ್ದು ನಿಲ್ಲುವುದು, ಕೈ ಎತ್ತುವುದು, ಎದೆ ಮುಂದೊಡ್ಡುವುದು, ಊಟದ ನಡುವೆ ನಡೆಯುವುದು. ಅವನ್ನು ನಮ್ಮ ಊಟದ ಮನೆಗೆ ತಂದು ಕೂರಿಸಿದರೆ ಹೀಗೆ ಕಾಣುತ್ತದೆ. ಅಕ್ಕಪಕ್ಕದವರು ಇದನ್ನು ಆ ಮನುಷ್ಯನ ಅಭ್ಯಾಸ ಎಂದು ಬಿಟ್ಟುಬಿಡುತ್ತಾರೆ. ಇದು ಕಾಯಿಲೆಯ ಲಕ್ಷಣ ಎಂದು ಯಾರಿಗೂ ಹೊಳೆಯುವುದಿಲ್ಲ.

ಮುದ್ದೆ ಕೇಳುವ ಕೆಲಸ

ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಕಡೆ ‘ಹಿಟ್ಟು ಉಂಡ್ಯಾ?’ ಎಂದರೆ ಊಟ ಆಯಿತೇ ಎಂದೇ ಅರ್ಥ. ಈ ಹಿಟ್ಟಿಗೊಂದು ವಿಶೇಷವಿದೆ. ಅದನ್ನು ಅಗಿಯುವಂತಿಲ್ಲ. ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ನಾಲಿಗೆಯ ಮೇಲಿಟ್ಟು ನುಂಗಬೇಕು.

ಚಪಾತಿಯನ್ನೋ ರೊಟ್ಟಿಯನ್ನೋ ಹಲ್ಲು ಅರ್ಧ ಪಳಗಿಸಿ ಕಳಿಸುತ್ತದೆ. ಮುದ್ದೆಯ ತುತ್ತು ಇಡಿಯಾಗಿಯೇ ಇಳಿಯುತ್ತದೆ. ಅದನ್ನು ಸಾಗಿಸುವ ಪೂರ್ತಿ ಹೊಣೆ ಅನ್ನನಾಳದ್ದು. ಆದ್ದರಿಂದ ಅನ್ನನಾಳ ಸೋತರೆ ಮುದ್ದೆ ಉಣ್ಣುವವರಿಗೆ ಅದು ಬೇಗ ಗೊತ್ತಾಗಬೇಕು ಎಂದು ನನಗನ್ನಿಸುತ್ತದೆ. ಗೊತ್ತೂ ಆಗುತ್ತದೆ. ಆದರೆ ಆಮೇಲೆ ಮನೆಯವರು ಮಾಡುವ ಉಪಚಾರವೇ ಅದನ್ನು ಮುಚ್ಚಿಬಿಡುತ್ತದೆ. ಮುದ್ದೆ ಇಳಿಯದಿದ್ದರೆ ಅನ್ನ, ಅನ್ನ ಇಳಿಯದಿದ್ದರೆ ಮೊಸರನ್ನ, ಅದೂ ಆಗದಿದ್ದರೆ ಅಂಬಲಿ, ಗಂಜಿ. ಪ್ರೀತಿಯಿಂದಲೇ ಬದಲಾಗುತ್ತಾ ಹೋಗುವ ಈ ಊಟದಲ್ಲಿ ರೋಗ ಎರಡು ಮೂರು ವರ್ಷ ಸದ್ದಿಲ್ಲದೆ ಕೂತಿರುತ್ತದೆ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಮೇಲಿನ ಭಾಗದ ಸ್ನಾಯು ಕೈಕಾಲಿನ ಸ್ನಾಯುವಿನ ಜಾತಿಯದು. ಕೆಳಗಿನದು ಕರುಳಿನ ಜಾತಿಯದು, ನಾವು ಹೇಳಿದಂತೆ ಕೇಳುವುದಿಲ್ಲ. ನುಂಗಿದ ಕೂಡಲೇ ಮೇಲಿನಿಂದ ಕೆಳಕ್ಕೆ ಬಿಗಿತದ ಅಲೆಯೊಂದು ಹೊರಡುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಸೆಂಟಿಮೀಟರಿನ ವೇಗ. ಎಂಟು ಹತ್ತು ಸೆಕೆಂಡಿನಲ್ಲಿ ತುತ್ತು ತುದಿ ಮುಟ್ಟುತ್ತದೆ. ಈ ಅಲೆ ಎಷ್ಟು ಬಲವಾದದ್ದೆಂದರೆ ತಲೆಕೆಳಗಾಗಿ ನಿಂತರೂ ಆಹಾರ ಹೊಟ್ಟೆಯ ಕಡೆಗೇ ಸಾಗುತ್ತದೆ.

ತಳದಲ್ಲಿ, ಹೊಟ್ಟೆಯ ಬಾಯಿಯಲ್ಲಿ, ಸ್ನಾಯುವಿನದೇ ಒಂದು ಬಿಗಿಯುಂಗುರವಿದೆ. ಹೊಟ್ಟೆಯ ಆಮ್ಲ ಮೇಲೆ ಉಕ್ಕದಂತೆ ಅದು ಸದಾ ಮುಚ್ಚಿರುತ್ತದೆ. ನುಂಗಿದ ಕ್ಷಣದಲ್ಲಿ ಮಾತ್ರ ಸಡಿಲಬೇಕು. ಸಡಿಲಿಸುವ ಆಜ್ಞೆ ಕೊಡುವುದು ಅನ್ನನಾಳದ ಗೋಡೆಯೊಳಗೇ ಹೆಣೆದುಕೊಂಡಿರುವ ಸಣ್ಣ ನರಕೋಶಗಳು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ಅವು ಸ್ನಾಯುವಿಗೆ ‘ಬಿಡು’ ಎನ್ನುತ್ತವೆ.

ಆ ಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆಗೆ ಅಕಲೇಸಿಯಾ ಎಂದು ಹೆಸರು. ಉಂಗುರ ಸಡಿಲುವುದಿಲ್ಲ. ಮೇಲಿನ ಅಲೆಯೂ ಕ್ರಮೇಣ ನಿಲ್ಲುತ್ತದೆ. ತೂಬು ಮುಚ್ಚಿದ ಕೆರೆಯಂತೆ ಅನ್ನನಾಳ ತುಂಬುತ್ತಾ, ಹಿಗ್ಗುತ್ತಾ ಹೋಗುತ್ತದೆ. ಕೋಶಗಳು ಯಾಕೆ ಸಾಯುತ್ತವೆ? ದೇಹದ ರಕ್ಷಣಾ ಪಡೆ ತನ್ನದೇ ನರಗಳ ಮೇಲೆ ಬೀಳುವುದರಿಂದ ಇರಬೇಕು ಎಂಬುದು ಸದ್ಯದ ಬಲವಾದ ಊಹೆ. ಯಾವುದೋ ವೈರಸ್ ಸೋಂಕು ಅದಕ್ಕೆ ಕಿಡಿ ಹಚ್ಚಿರಬಹುದು. ದಕ್ಷಿಣ ಅಮೆರಿಕದಲ್ಲಿ ಶಾಗಾಸ್ ಎಂಬ ಪರಾವಲಂಬಿ ರೋಗ ಇದೇ ನರಗಳನ್ನು ತಿಂದು ಇದೇ ಸ್ಥಿತಿ ತರುತ್ತದೆ. ನಮ್ಮಲ್ಲಿ ಆ ಜೀವಿ ಇಲ್ಲ.

ಇದು ಅಪರೂಪದ ಕಾಯಿಲೆ. ಜಗತ್ತಿನ ಹಲವೆಡೆಯ ಅಂದಾಜಿನಂತೆ ವರ್ಷಕ್ಕೆ ಲಕ್ಷಕ್ಕೆ ಒಬ್ಬರು ಹೊಸದಾಗಿ ಇದಕ್ಕೆ ಸಿಕ್ಕುತ್ತಾರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಹತ್ತು ಲಕ್ಷದ ಹತ್ತಿರವಿತ್ತು. ಆ ಅಂದಾಜು ಇಲ್ಲಿಗೂ ಹೊಂದುವುದಾದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಮಂದಿ. ಗಂಡಸರು ಹೆಂಗಸರು ಎಂಬ ಭೇದವಿಲ್ಲ. ಹೆಚ್ಚಾಗಿ ಕಾಣುವುದು ದುಡಿಯುವ ವಯಸ್ಸಿನಲ್ಲಿ. ಹಾಗಾಗಿ ‘ವಯಸ್ಸಾಯ್ತು, ಇಳಿಯಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ.

ಎಲ್ಲೆಲ್ಲೋ ಸುತ್ತಿಸುವ ನೋವು

ಊರಿನ ಮೆಡಿಕಲ್ ಶಾಪಿನಲ್ಲಿ ‘ಎದೇಲಿ ಒಂಥರಾ ಆಗ್ತೈತೆ’ ಎಂದರೆ ಸಿಗುವುದು ಆಮ್ಲ ತಗ್ಗಿಸುವ ಮಾತ್ರೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು. ಮನೆಯಲ್ಲಿ ಜೀರಿಗೆ ಕಷಾಯ, ಅಂಗಡಿಯಲ್ಲಿ ಸೋಡಾ. ಆಮ್ಲದಿಂದಲೇ ಎದೆಯುರಿ ಬರುವ ಬಹುಪಾಲು ಜನರಿಗೆ ಆ ಮಾತ್ರೆ ಸರಿಯಾದ ಮದ್ದು. ಅಕಲೇಸಿಯಾ ಇರುವವರಿಗೆ ಅದರಿಂದ ಏನೂ ಆಗುವುದಿಲ್ಲ.

ಮೋಸವಾಗುವುದಕ್ಕೆ ಕಾರಣವೂ ಇದೆ. ಅವರಿಗೂ ಎದೆ ಉರಿಯುತ್ತದೆ. ಕೊಳವೆಯಲ್ಲಿ ನಿಂತ ಅನ್ನ, ಹಿಟ್ಟು ಅಲ್ಲೇ ಹುಳಿಯುತ್ತದೆ. ಆ ಹುಳಿ ಗೋಡೆಯನ್ನು ಸುಡುತ್ತದೆ. ಹೊಟ್ಟೆಯಿಂದ ಉಕ್ಕಿದ ಆಮ್ಲವೂ ಉರಿಸುತ್ತದೆ, ಹೊಟ್ಟೆಗೇ ಇಳಿಯದ ಅನ್ನವೂ ಉರಿಸುತ್ತದೆ. ಎರಡನ್ನೂ ರೋಗಿ ಒಂದೇ ಮಾತಿನಲ್ಲಿ ಹೇಳುತ್ತಾನೆ.

ಕೆಲವರಿಗೆ ಎದೆಯ ನಡುವೆ ಹಿಂಡಿದಂಥ ನೋವು. ಆಗ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಓಡುತ್ತಾರೆ. ಅದು ಸರಿಯಾದ ಕೆಲಸವೇ, ಎದೆನೋವು ಎಂದರೆ ಮೊದಲು ಹೃದಯವನ್ನೇ ನೋಡಬೇಕು. ಇಸಿಜಿ ಸರಿಯಿದೆ, ಎಕೋ ಸರಿಯಿದೆ ಎಂದಾಗ ಮನೆಯವರು ನಿಟ್ಟುಸಿರು ಬಿಟ್ಟು ವಾಪಸು ಬರುತ್ತಾರೆ. ಹೃದಯ ಸರಿಯಿದ್ದರೆ ನೋವು ಎಲ್ಲಿಯದು ಎಂಬ ಮುಂದಿನ ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತದೆ.

ಇನ್ನು ಕೆಲವರಿಗೆ ರಾತ್ರಿ ಕೆಮ್ಮು. ಮಲಗಿದಾಗ ನಿಂತ ಆಹಾರ ಹಿಂದಕ್ಕೆ ಹರಿದು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು, ಆಗಾಗ ಜ್ವರ, ತೂಕ ಇಳಿತ ಮೂರೂ ಸೇರಿದರೆ ನಮ್ಮ ನಾಡಿನಲ್ಲಿ ಮೊದಲು ನೆನಪಾಗುವುದು ಕ್ಷಯ. ಕಫ ಪರೀಕ್ಷೆ ಮಾಡಿಸಲೇಬೇಕು. ಅದು ಇಲ್ಲವೆಂದಾದ ಮೇಲೆ ದಿಂಬಿನ ಮೇಲಿನ ಕಲೆಯ ಬಗ್ಗೆ ಯಾರಾದರೂ ಕೇಳಬೇಕಲ್ಲ? ಬೆಳಗ್ಗೆ ದಿಂಬು ಒದ್ದೆಯಾಗಿರುತ್ತದೆ. ರಾತ್ರಿ ಉಂಡ ಅನ್ನದ ಅಗುಳು ಹಾಗೆಹಾಗೆಯೇ ಬಾಯಿಗೆ ಬಂದಿರುತ್ತದೆ. ಹೊಟ್ಟೆಯ ಕಹಿ ಹತ್ತಿರುವುದಿಲ್ಲ. ಬಟ್ಟೆ ಒಗೆಯುವ ಹೆಂಡತಿಗೋ ಸೊಸೆಗೋ ಇದು ಗೊತ್ತಿರುತ್ತದೆ. ಡಾಕ್ಟರ ಮುಂದೆ ಅವರನ್ನು ಯಾರೂ ಮಾತಾಡಿಸುವುದಿಲ್ಲ.

ಜರ್ಮನಿಯ ವೈದ್ಯ ಎಕಾರ್ಟ್ ಮತ್ತು ಸಂಗಡಿಗರು 1997ರಲ್ಲಿ 87 ರೋಗಿಗಳ ಲೆಕ್ಕ ಹಾಕಿದರು. ಮೊದಲ ಲಕ್ಷಣದಿಂದ ರೋಗದ ಹೆಸರು ಸಿಗುವವರೆಗೆ ಸರಾಸರಿ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಅವರ ಲಕ್ಷಣಗಳಲ್ಲಿ ವಿಚಿತ್ರವೇನೂ ಇರಲಿಲ್ಲ. ಕೇಳಿಸಿಕೊಂಡವರು ಅವನ್ನು ತಪ್ಪಾಗಿ ಓದಿದ್ದರು. ಅಷ್ಟೊಂದು ಆಸ್ಪತ್ರೆಗಳಿರುವ ದೇಶದ ಕತೆ ಅದು.

‘ನೀರೂ ನಿಲ್ಲುತ್ತಾ?’

ಈ ಪ್ರಶ್ನೆಗೆ ಯಂತ್ರ ಬೇಡ, ಕಾಸು ಬೇಡ. ತ್ಯಾಮಗೊಂಡ್ಲಿನ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಕೋಣೆಯಲ್ಲಿ ಸಾಲು ಎಷ್ಟೇ ಉದ್ದವಿದ್ದರೂ ಇದನ್ನು ಕೇಳಬಹುದು.

ಮೊದಮೊದಲು ಮುದ್ದೆ ಮಾತ್ರ ನಿಲ್ಲುತ್ತಿತ್ತು, ಆಮೇಲೆ ಅನ್ನ, ಈಗೀಗ ಗಂಜಿಯೂ ಕಷ್ಟ ಎಂದರೆ ದಾರಿ ಕಿರಿದಾಗುತ್ತಾ ಬಂದಿದೆ. ಗೆಡ್ಡೆಯೋ, ಗಾಯ ಮಾದು ಬಿಗಿದ ಜಾಗವೋ ಅಡ್ಡವಿರಬಹುದು. ಮುದ್ದೆಯೂ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ, ಶುರುವಿನಿಂದಲೂ ಹಾಗೆಯೇ, ಒಂದು ದಿನ ಚೆನ್ನಾಗಿರುತ್ತದೆ ಮತ್ತೊಂದು ದಿನ ಇಲ್ಲ ಎಂದರೆ ಕೆಟ್ಟಿರುವುದು ಕೊಳವೆಯ ಚಲನೆ. ಕಿರಿದಾದ ದಾರಿಯಲ್ಲೂ ನೀರು ನುಸುಳಿಕೊಳ್ಳುತ್ತದೆ. ನೀರೇ ನಿಂತರೆ ಅದಕ್ಕೆ ಬೇರೆ ಕಾರಣವಿದೆ.

ಎರಡನೆಯ ಪ್ರಶ್ನೆ, ಎಲ್ಲಿ ನಿಲ್ಲುತ್ತದೆ? ನುಂಗಲು ಹೊರಟ ಕ್ಷಣದಲ್ಲೇ ಕೆಮ್ಮು ಬಂದರೆ, ನೀರು ಮೂಗಿಗೆ ಹತ್ತಿದರೆ, ತೊಂದರೆ ಗಂಟಲಿನದು. ಪಾರ್ಶ್ವವಾಯು ಹೊಡೆದವರಲ್ಲಿ ಇದು ಸಾಮಾನ್ಯ. ನುಂಗಿ ಕೆಲವು ಸೆಕೆಂಡಾದ ಮೇಲೆ ಎದೆಯ ಗೂಡಿನ ಮೇಲೆ ಬೆರಳಿಟ್ಟು ‘ಇಲ್ಲಿ’ ಎಂದರೆ ಅನ್ನನಾಳದ್ದು. ಬೆರಳು ತೋರಿದ ಜಾಗವೇ ತಡೆಯ ಜಾಗವೆಂದು ನಂಬುವಂತಿಲ್ಲ. ಹೊಟ್ಟೆಯ ಬಾಯಿಯಲ್ಲಿ ನಿಂತದ್ದು ಕೊರಳ ಬುಡದಲ್ಲಿ ನಿಂತಂತೆ ತೋರುವುದುಂಟು.

ಊಟಕ್ಕೆ ಸಂಬಂಧವಿಲ್ಲದೆ ಗಂಟಲಲ್ಲಿ ಸದಾ ಉಂಡೆಯೊಂದು ಕೂತಂತೆ ಅನ್ನಿಸಿ, ಊಟ ಮಾತ್ರ ಸಲೀಸಾಗಿ ಇಳಿಯುವುದು ಬೇರೆಯೇ ಸಂಗತಿ. ಅದು ಹೆಚ್ಚಾಗಿ ಅಪಾಯದ್ದಲ್ಲ.

> ರಕ್ತ ಕಮ್ಮಿ ಇರುವ ಅಕ್ಕಂದಿರಿಗೆ
> ಬಹುಕಾಲದಿಂದ ಕಬ್ಬಿಣಾಂಶ ಕಡಿಮೆಯಿರುವ ಹೆಂಗಸರಲ್ಲಿ ಗಂಟಲಿನ ಕೆಳಗೆ, ಅನ್ನನಾಳದ ಆರಂಭದಲ್ಲೇ ತೆಳು ಪೊರೆಯೊಂದು ಬೆಳೆದು ಗಟ್ಟಿ ಆಹಾರ ಸಿಕ್ಕಿಕೊಳ್ಳುವುದುಂಟು. ಇದಕ್ಕೆ ಪ್ಲಮ್ಮರ್–ವಿನ್ಸನ್ ಸಿಂಡ್ರೋಮ್ ಎನ್ನುತ್ತಾರೆ. ನಾಲಿಗೆ ನುಣ್ಣಗೆ ಉರಿಯುವುದು, ಬಾಯಿಯ ಅಂಚು ಒಡೆಯುವುದು, ಉಗುರು ಚಮಚದಂತೆ ಹಳ್ಳವಾಗುವುದು ಜೊತೆಗಿರುವ ಗುರುತು. ಕಬ್ಬಿಣದ ಮಾತ್ರೆಯಿಂದಲೇ ಅನೇಕರಿಗೆ ಗುಣ ಕಾಣುತ್ತದೆ, ಕೆಲವರಿಗೆ ಪೊರೆಯನ್ನು ಹಿಗ್ಗಿಸಬೇಕಾಗುತ್ತದೆ. ಮುಂದೆ ಗಂಟಲು, ಅನ್ನನಾಳದ ಕ್ಯಾನ್ಸರ್ ಬರುವ ಸಾಧ್ಯತೆ ಇಂಥವರಲ್ಲಿ ಹೆಚ್ಚು. ಆದ್ದರಿಂದ ಗುಣವಾದ ಮೇಲೂ ವೈದ್ಯರ ಕಣ್ಗಾವಲಿನಲ್ಲಿರಬೇಕು.

ಮೊದಲು ಕ್ಯಾನ್ಸರ್ ಇಲ್ಲವೆಂದು ಖಾತ್ರಿ

ನುಂಗಲು ಕಷ್ಟ ಎಂದ ಪ್ರತಿಯೊಬ್ಬ ವಯಸ್ಕರಿಗೂ ಮೊದಲ ಪರೀಕ್ಷೆ ಎಂಡೋಸ್ಕೋಪಿ. ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಡಿಯಲ್ಲಿ ಬೆಂಗಳೂರಿನ ನೋಂದಣಿ ನಡೆಯುತ್ತಿರುವುದು 1982ರಿಂದ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ. ಅದರ ಪಟ್ಟಿಗಳಲ್ಲಿ ಅನ್ನನಾಳದ ಕ್ಯಾನ್ಸರ್ ಎದ್ದು ಕಾಣುವವುಗಳಲ್ಲಿ ಒಂದು. ಎಲೆಅಡಿಕೆ, ಹೊಗೆಸೊಪ್ಪು, ಬೀಡಿ, ಹೆಂಡ ಇವೇ ಅದರ ದೊಡ್ಡ ಗೊಬ್ಬರ. ಅಕಲೇಸಿಯಾಕ್ಕಿಂತ ಇದು ಎಷ್ಟೋ ಪಟ್ಟು ಸಾಮಾನ್ಯ. ಒಂದೊಂದು ತಿಂಗಳೂ ಮುಖ್ಯವಾಗುವ ಕಾಯಿಲೆ.

ಹೊಟ್ಟೆಯ ಬಾಯಿಯ ಸುತ್ತ ಹಬ್ಬಿದ ಗೆಡ್ಡೆ ಕೆಲವೊಮ್ಮೆ ಅಕಲೇಸಿಯಾದ ವೇಷವನ್ನೇ ತೊಡುತ್ತದೆ. ವಯಸ್ಸು ಅರವತ್ತರ ಆಸುಪಾಸು, ತೊಂದರೆ ಶುರುವಾಗಿ ಕೆಲವೇ ತಿಂಗಳು, ತೂಕ ಸರಸರನೆ ಇಳಿಯುತ್ತಿದೆ ಎಂದರೆ ವೈದ್ಯರು ಸಿ.ಟಿ. ಸ್ಕ್ಯಾನ್ ಕೂಡ ಮಾಡಿಸುತ್ತಾರೆ.

ಎಡವಟ್ಟಾಗುವುದು ಎಂಡೋಸ್ಕೋಪಿ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬಂದಾಗ. ಅಕಲೇಸಿಯಾದ ಆರಂಭದಲ್ಲಿ ಅನೇಕರ ಎಂಡೋಸ್ಕೋಪಿ ನಾರ್ಮಲ್ ಆಗಿಯೇ ಇರುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಒಳಗಿನ ಚರ್ಮ. ಅದರ ಹಿಂದೆ ಸಾಯುತ್ತಿರುವ ನರ ಅದಕ್ಕೆ ಕಾಣುವುದಿಲ್ಲ. ಆ ರಿಪೋರ್ಟ್ ಹಿಡಿದು ಊರಿಗೆ ಬಂದವರಿಗೆ ‘ಎಲ್ಲಾ ಮನಸ್ಸಿನದು ಕಣಪ್ಪ’ ಎಂಬ ಮಾತು ಕಾದಿರುತ್ತದೆ. ಉಣ್ಣಲಾಗದೆ ಸೊರಗುತ್ತಿರುವವರಿಗೆ ಹೇಳಬಾರದ ಮಾತು ಅದು.

ಮುಂದಿನ ಪರೀಕ್ಷೆ ಬೇರಿಯಂ. ಸುಣ್ಣದ ತಿಳಿಯಂಥ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ. ಅಕಲೇಸಿಯಾ ಇದ್ದರೆ ಅನ್ನನಾಳ ಮೇಲೆ ಅಗಲವಾಗಿ, ತಳದಲ್ಲಿ ಮೊನಚಾಗಿ ಮುಗಿಯುತ್ತದೆ. ವೈದ್ಯರು ಇದನ್ನು ಹಕ್ಕಿಯ ಕೊಕ್ಕು ಎನ್ನುತ್ತಾರೆ. ನಿಲ್ಲಿಸಿ ಕುಡಿಸಿ, ಒಂದು, ಎರಡು, ಐದನೇ ನಿಮಿಷಕ್ಕೆ ಚಿತ್ರ ತೆಗೆದರೆ ದ್ರವದ ಕಂಬ ಎಷ್ಟು ಎತ್ತರ ಉಳಿದಿದೆ ಎಂದು ಅಳೆಯಬಹುದು. ಆರೋಗ್ಯವಂತರಲ್ಲಿ ಅದು ಬೇಗನೆ ಖಾಲಿಯಾಗುತ್ತದೆ. ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೊಮ್ಮೆ ಅಳೆದರೆ ಎಷ್ಟು ಗುಣವಾಗಿದೆ ಎಂಬುದು ರೋಗಿಗೂ ಕಣ್ಣಾರೆ ಕಾಣುತ್ತದೆ.

ಮೂಗಿನಲ್ಲೊಂದು ತೆಳು ನಳಿಕೆ

ಕೊನೆಯ ತೀರ್ಪು ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿಯದು. ಹೆಸರು ಕೇಳಿಯೇ ಅನೇಕರು ಹೆದರುತ್ತಾರೆ. ಅಲ್ಲಿ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಖಾಲಿ ಹೊಟ್ಟೆಯಲ್ಲಿ ಬರಹೇಳುತ್ತಾರೆ. ಅರಿವಳಿಕೆಯ ಇಂಜೆಕ್ಷನ್ ಇಲ್ಲ, ನಿದ್ದೆ ಬರಿಸುವುದಿಲ್ಲ. ಮೂಗಿನ ಹೊಳ್ಳೆಗೆ ಜೋಮು ಹಿಡಿಸುವ ಜೆಲ್ ಹಚ್ಚಿ, ಸುಮಾರು 4 ಮಿಲಿಮೀಟರ್ ದಪ್ಪದ ನಳಿಕೆ ಇಳಿಸುತ್ತಾರೆ. ಗಂಟಲ ಹತ್ತಿರ ಬಂದಾಗ ಒಂದೊಂದು ಗುಟುಕು ನೀರು ಕೊಟ್ಟು ‘ನುಂಗಿ, ನುಂಗಿ’ ಎನ್ನುತ್ತಾರೆ. ಓಕರಿಕೆ ಬರುವುದು ಆ ಒಂದು ಗಳಿಗೆಯಲ್ಲಿ. ಕಣ್ಣಲ್ಲಿ ನೀರು ಬರಬಹುದು. ನಳಿಕೆ ದಾಟಿದ ಮೇಲೆ ಉಸಿರಾಟಕ್ಕೆ ತೊಂದರೆಯಿಲ್ಲ, ಮಾತಾಡಬಹುದು.

ಆ ನಳಿಕೆಯ ಉದ್ದಕ್ಕೂ ಸೆಂಟಿಮೀಟರಿಗೊಂದರಂತೆ ಸುಮಾರು 36 ಒತ್ತಡ ಮಾಪಕಗಳು. ಪಿಚಕಾರಿಯಿಂದ 5 ಮಿಲಿಲೀಟರ್ ನೀರು ಬಾಯಿಗೆ ಹಾಕುತ್ತಾರೆ. ಒಮ್ಮೆ ನುಂಗಬೇಕು, ಆಮೇಲೆ ಅರ್ಧ ನಿಮಿಷ ಎಂಜಲೂ ನುಂಗದೆ ತಡೆದಿರಬೇಕು. ಕಷ್ಟದ ಕೆಲಸ ಅದೊಂದೇ. ಮಲಗಿ ಹತ್ತು ಸಲ, ಕೂತು ಐದು ಸಲ. ಕೊನೆಗೆ 200 ಮಿಲಿಲೀಟರ್ ನೀರನ್ನು ಒಂದೇ ಸಮನೆ ಕುಡಿಸಿ ನೋಡುತ್ತಾರೆ. ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಮುಗಿಯುತ್ತದೆ.

ಪರದೆಯ ಮೇಲೆ ಬಣ್ಣಗಳು ಮೂಡುತ್ತವೆ. ನೀಲಿ ಎಂದರೆ ಒತ್ತಡ ಕಡಿಮೆ, ಕೆಂಪು ಎಂದರೆ ಹೆಚ್ಚು. ಆರೋಗ್ಯವಂತರು ನುಂಗಿದಾಗ ಮೇಲಿನಿಂದ ಕೆಳಕ್ಕೆ ಓರೆಯಾಗಿ ಬಣ್ಣದ ಪಟ್ಟಿಯೊಂದು ಇಳಿಯುತ್ತದೆ, ತಳದ ಉಂಗುರದ ಜಾಗ ನೀಲಿಗೆ ತಿರುಗುತ್ತದೆ. ಅಕಲೇಸಿಯಾದಲ್ಲಿ ಆ ಓರೆ ಪಟ್ಟಿಯೇ ಇಲ್ಲ. ತಳದ ಬಣ್ಣ ಸಡಿಲುವುದಿಲ್ಲ. ಉಂಗುರ ಎಷ್ಟು ಸಡಿಲಿತು ಎಂಬುದಕ್ಕೆ ಒಂದು ಅಂಕಿ ಇದೆ. ವ್ಯಾಪಕವಾಗಿ ಬಳಸುವ ಯಂತ್ರವೊಂದರಲ್ಲಿ ಅದು 15 ಮಿಲಿಮೀಟರ್ ಪಾದರಸ ದಾಟಿದರೆ ಉಂಗುರ ಸರಿಯಾಗಿ ಬಿಡುತ್ತಿಲ್ಲ ಎಂದು ಅರ್ಥ.

ಈ ಬಣ್ಣದ ನಕ್ಷೆಯ ಹಿಂದೆ ಅಮೆರಿಕದ ಸೇಂಟ್ ಲೂಯಿಸಿನ ವೈದ್ಯ ರೇ ಕ್ಲೌಸ್ ಅವರ 1990ರ ದಶಕದ ದುಡಿಮೆಯಿದೆ. ಅದಕ್ಕೂ ಮುಂಚೆ ನಾಲ್ಕೈದು ಮಾಪಕಗಳ ಅಲೆಗೆರೆಗಳನ್ನು ನೋಡಿ ಊಹಿಸಬೇಕಿತ್ತು. ಅನ್ನನಾಳದ ಚಲನೆ ಕಣ್ಣಿಗೆ ಕಾಣುವ ಚಿತ್ರವಾದ ಮೇಲೆ ಈ ಕಾಯಿಲೆಗಳ ಪತ್ತೆಯ ರೀತಿಯೇ ಬದಲಾಯಿತು.

> ಚಿಕಾಗೊ ಎಂಬ ಅಳತೆಗೋಲು
> ಮ್ಯಾನೊಮೆಟ್ರಿ ನಕ್ಷೆಗಳನ್ನು ಜಗತ್ತಿನ ವೈದ್ಯರು ಓದುವುದು ‘ಚಿಕಾಗೊ ವರ್ಗೀಕರಣ’ದ ಪ್ರಕಾರ. ಅದರ ನಾಲ್ಕನೆಯ ಆವೃತ್ತಿ ಬಂದದ್ದು 2021ರಲ್ಲಿ. ಅಕಲೇಸಿಯಾದಲ್ಲಿ ಅದು ಮೂರು ಬಗೆ ಗುರುತಿಸುತ್ತದೆ. ಮೊದಲನೆಯದರಲ್ಲಿ ಕೊಳವೆ ಪೂರ್ತಿ ನಿಶ್ಚಲ. ಎರಡನೆಯದರಲ್ಲಿ ಉದ್ದಕ್ಕೂ ಒಂದೇ ಸಮನೆ ಒತ್ತಡ ಏರುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಇದೇ. ಮೂರನೆಯದರಲ್ಲಿ ಸ್ನಾಯು ಅಕಾಲದಲ್ಲಿ ಸೆಟೆದುಕೊಳ್ಳುತ್ತದೆ, ನೋವು ಹೆಚ್ಚು. ಇದಲ್ಲದೆ, ಉಂಗುರ ಸರಿಯಿದ್ದೂ ಕೊಳವೆ ಅತಿಯಾಗಿ ಬಡಿದುಕೊಳ್ಳುವ ‘ಜಾಕ್‌ಹ್ಯಾಮರ್’, ಅಲೆ ತೀರಾ ದುರ್ಬಲವಾಗುವ ತೊಂದರೆಗಳೂ ಈ ಪಟ್ಟಿಯಲ್ಲಿವೆ. ನೋವಿನ ಕೆಲವು ಬಲವಾದ ಮಾತ್ರೆಗಳೂ ಅನ್ನನಾಳವನ್ನು ಬಿಗಿಸುತ್ತವೆ. ತಿನ್ನುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಪರೀಕ್ಷೆಗೆ ಮುಂಚೆ ಹೇಳಬೇಕು.

ತಿಮಿಂಗಿಲದ ಮೂಳೆಯಿಂದ ಯೊಕೊಹಾಮದವರೆಗೆ

1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಒಬ್ಬ ರೋಗಿಯ ಕತೆ ಬರೆದಿಟ್ಟ. ಉಂಡದ್ದೆಲ್ಲ ವಾಪಸು ಬರುತ್ತಿತ್ತು, ಆತ ಹಸಿವಿನಿಂದ ಸಾಯುವಂತಾಗಿದ್ದ. ವಿಲ್ಲಿಸ್ ತಿಮಿಂಗಿಲದ ಬಳುಕುವ ಮೂಳೆಯ ಕಡ್ಡಿ ಮಾಡಿಸಿ, ತುದಿಗೆ ಸ್ಪಂಜಿನ ಗುಂಡು ಕಟ್ಟಿಕೊಟ್ಟ. ಪ್ರತಿ ಊಟದಲ್ಲೂ ಆತ ತುತ್ತನ್ನು ಅದರಿಂದ ಕೆಳಕ್ಕೆ ತಳ್ಳಿಕೊಳ್ಳಬೇಕಿತ್ತು. ಹಾಗೆ ಹದಿನೈದು ವರ್ಷ ಬದುಕಿದ. ನರದ ಅರಿವೇ ಇಲ್ಲದ ಕಾಲದಲ್ಲಿ, ಅಡ್ಡಿ ತಳದಲ್ಲಿದೆ, ಅದನ್ನು ದಾಟಿಸಿದರೆ ಸಾಕು ಎಂದು ವಿಲ್ಲಿಸ್ ಕಂಡುಕೊಂಡದ್ದು ಇಂದಿಗೂ ಎಲ್ಲ ಚಿಕಿತ್ಸೆಯ ತಿರುಳು. ಸತ್ತ ನರಕೋಶವನ್ನು ಮರಳಿ ತರುವ ಮದ್ದು ಈಗಲೂ ಇಲ್ಲ. ಮಾಡಲು ಸಾಧ್ಯವಿರುವುದು ತಳದ ಬಿಗಿ ಬಿಡಿಸುವುದು.

1913ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ಹೆಲ್ಲರ್ ಹೊಟ್ಟೆ ಕೊಯ್ದು ಆ ಬಿಗಿ ಸ್ನಾಯುವನ್ನು ಉದ್ದಕ್ಕೆ ಸೀಳಿದರು. ಒಳಪೊರೆ ಮಾತ್ರ ಹಾಗೇ ಉಳಿಯಿತು. ಆ ಶಸ್ತ್ರಚಿಕಿತ್ಸೆಗೆ ಇಂದಿಗೂ ಅವರದೇ ಹೆಸರು, ಈಗ ಅದನ್ನು ಸಣ್ಣ ರಂಧ್ರಗಳಲ್ಲಿ ಲ್ಯಾಪರೊಸ್ಕೋಪಿಯಿಂದ ಮಾಡುತ್ತಾರೆ. ಇನ್ನೊಂದು ದಾರಿ ಬಲೂನು. ಎಂಡೋಸ್ಕೋಪಿಯ ನೆರವಿನಿಂದ 30ರಿಂದ 40 ಮಿಲಿಮೀಟರಿನ ಬಲೂನನ್ನು ಉಂಗುರದ ನಡುವೆ ಉಬ್ಬಿಸಿ ಸ್ನಾಯು ಹರಿಯುವಂತೆ ಮಾಡುತ್ತಾರೆ. ಯುರೋಪಿನಲ್ಲಿ ಇವೆರಡನ್ನೂ ಹೋಲಿಸಿ 2011ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷದ ನಂತರ ಎರಡೂ ಹೆಚ್ಚುಕಮ್ಮಿ ಸಮವಾಗಿದ್ದವು.

ಮೂರನೆಯದು ಪೋಯೆಮ್. ಭಾರತ ಮೂಲದ ವೈದ್ಯ ಪಂಕಜ್ ಪಾಸ್ರಿಚಾ ತಂಡ 2007ರಲ್ಲಿ ಹಂದಿಗಳ ಮೇಲೆ ಈ ದಾರಿ ತೋರಿಸಿತು. ಮರುವರ್ಷ ಜಪಾನಿನ ಯೊಕೊಹಾಮದಲ್ಲಿ ಹರುಹಿರೊ ಇನೊಯೆ ಅದನ್ನು ಮನುಷ್ಯರಲ್ಲಿ ಮಾಡಿದರು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಒಳಪೊರೆಯ ಹಿಂದೆ ಸುರಂಗ ಕೊರೆದು, ಆ ಸುರಂಗದಲ್ಲೇ ಸಾಗಿ ಬಿಗಿ ಸ್ನಾಯುವನ್ನು ಸೀಳಿ, ಬಂದ ದಾರಿಗೆ ಕ್ಲಿಪ್ ಹಾಕಿ ಹೊರಬರುತ್ತಾರೆ. ಮೈಮೇಲೆ ಗಾಯವಿಲ್ಲ. ಪಕ್ಕದ ಹೈದರಾಬಾದಿನ ಏಷಿಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೊಎಂಟರಾಲಜಿ ನೂರಾರು ರೋಗಿಗಳ ಅನುಭವ ಪ್ರಕಟಿಸಿ ಜಗತ್ತಿನ ಗಮನ ಸೆಳೆದಿದೆ.

ಆದರೆ ತೂಬು ತೆರೆದಿಟ್ಟರೆ ಹೊಟ್ಟೆಯ ಆಮ್ಲವೂ ಮೇಲೇರುತ್ತದೆ. ಪೋಯೆಮ್ ಮತ್ತು ಹೆಲ್ಲರ್ ವಿಧಾನಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ನಂತರ ನುಂಗುವ ಕಷ್ಟ ಎರಡರಲ್ಲೂ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ತಗ್ಗಿತ್ತು. ಆಮ್ಲದಿಂದಾದ ಹುಣ್ಣು ಮಾತ್ರ ಪೋಯೆಮ್ ಆದವರಲ್ಲಿ ನೂರಕ್ಕೆ 44, ಹೆಲ್ಲರ್ ಆದವರಲ್ಲಿ 29. ಹೆಲ್ಲರ್ ವಿಧಾನದಲ್ಲಿ ಆಮ್ಲ ಏರದಂತೆ ಹೊಟ್ಟೆಯ ಮೇಲ್ಭಾಗವನ್ನು ಸುತ್ತಿ ಹೊಲಿಯುತ್ತಾರೆ. ಯಾವುದು ಒಳ್ಳೆಯದು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಮೂರನೆಯ ಬಗೆಯವರಿಗೆ ಪೋಯೆಮ್ ಹೆಚ್ಚು ಒಪ್ಪುತ್ತದೆ. ತೀರಾ ವಯಸ್ಸಾದವರಿಗೆ, ಹೃದಯ ದುರ್ಬಲವಿರುವವರಿಗೆ ಬೊಟುಲಿನಮ್ ಇಂಜೆಕ್ಷನ್ ಕೊಟ್ಟು ಕೆಲವು ತಿಂಗಳ ಬಿಡುವು ಕೊಡಿಸುತ್ತಾರೆ.

ಮುದ್ದೆ ಯಾವಾಗ?

ಚಿಕಿತ್ಸೆ ಮುಗಿದ ಮೇಲೆ ನಮ್ಮ ಕಡೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದೇ. ಮೊದಲು ನೀರಾದ ಆಹಾರ, ಆಮೇಲೆ ಮೆತ್ತಗಿನದು, ಎಷ್ಟು ದಿನಕ್ಕೆ ಗಟ್ಟಿ ಊಟ ಎಂಬುದನ್ನು ಚಿಕಿತ್ಸೆ ಮಾಡಿದ ವೈದ್ಯರೇ ಹೇಳಬೇಕು. ಮುದ್ದೆಯನ್ನು ಬಿಡಲೇಬೇಕೆಂದಿಲ್ಲ. ಆದರೆ ಅಲೆ ಸಾಮಾನ್ಯವಾಗಿ ಮೊದಲಿನಂತಾಗುವುದಿಲ್ಲ, ತುತ್ತು ಬಹುಮಟ್ಟಿಗೆ ತನ್ನ ಭಾರದಿಂದಲೇ ಇಳಿಯಬೇಕು. ಹಾಗಾಗಿ ಹಿಟ್ಟು ಮೆತ್ತಗಿರಲಿ, ತುತ್ತು ಚಿಕ್ಕದಿರಲಿ, ಸಾರು ಧಾರಾಳವಾಗಿರಲಿ. ನೆಟ್ಟಗೆ ಕೂತು ನಿಧಾನವಾಗಿ ಉಣ್ಣಬೇಕು. ಉಂಡ ಮೇಲೆ ಎರಡು ಮೂರು ಗಂಟೆ ಮಲಗಬಾರದು. ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿಕೊಳ್ಳುವುದು ಒಳ್ಳೆಯದು. ಹಲವು ವರ್ಷ ಈ ಕಾಯಿಲೆ ಇದ್ದವರಲ್ಲಿ ಅನ್ನನಾಳದ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಹೆಚ್ಚಿರುವುದರಿಂದ ವೈದ್ಯರ ಸಂಪರ್ಕ ಕಡಿದುಕೊಳ್ಳಬಾರದು.

ಮೀನಿನ ಮುಳ್ಳು ಸಿಕ್ಕಿಕೊಂಡರೆ ಮುದ್ದೆ ನುಂಗಿ ತಳ್ಳುವ ಪದ್ಧತಿ ಹಳ್ಳಿಗಳಲ್ಲಿದೆ. ಅದನ್ನು ಯಾರೂ ಮಾಡಬಾರದು, ಮುಳ್ಳು ಇನ್ನಷ್ಟು ಆಳಕ್ಕೆ ನಾಟಬಹುದು. ತುತ್ತು ಸಿಕ್ಕಿ ಎಂಜಲನ್ನೂ ನುಂಗಲಾಗದೆ ಬಾಯಿಯಿಂದ ಸುರಿಯುತ್ತಿದ್ದರೆ ರಾತ್ರಿಯಾದರೂ ಸರಿ, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಬೇಕು.

ತ್ಯಾಮಗೊಂಡ್ಲಿನಿಂದ ಬೆಂಗಳೂರು ಸುಮಾರು 50 ಕಿಲೋಮೀಟರ್. ದೂರ ದೊಡ್ಡದಲ್ಲ, ಸರಿಯಾದ ಬಾಗಿಲು ಗೊತ್ತಿರಬೇಕು. ಊರಿನ ಆಸ್ಪತ್ರೆಯಿಂದ ಅಥವಾ ನೆಲಮಂಗಲದ ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ನೇರವಾಗಿ ಗ್ಯಾಸ್ಟ್ರೊಎಂಟರಾಲಜಿ ವಿಭಾಗಕ್ಕೆ ಹೋಗುವುದು ಒಳ್ಳೆಯದು. ಹೋಗುವ ಮುಂಚೆ ಫೋನ್ ಮಾಡಿ ಅಲ್ಲಿ ಮ್ಯಾನೊಮೆಟ್ರಿ ಇದೆಯೇ ಎಂದು ಕೇಳಬೇಕು, ದೊಡ್ಡ ಆಸ್ಪತ್ರೆಗಳಲ್ಲೂ ಎಲ್ಲೆಡೆ ಅದು ಇರುವುದಿಲ್ಲ. ಬಿಪಿಎಲ್ ಕಾರ್ಡ್, ಆಧಾರ್, ಹಳೆಯ ಎಂಡೋಸ್ಕೋಪಿ ಮತ್ತು ಇಸಿಜಿ ಜೊತೆಗಿರಲಿ. ದಿಂಬಿನ ಕಲೆ ನೋಡಿದವರೂ ಜೊತೆಗೆ ಹೋಗಲಿ. ಚೀಟಿಯಲ್ಲಿ ‘ಗ್ಯಾಸ್ಟ್ರಿಕ್’ ಎಂದಷ್ಟೇ ಬರೆದಿದ್ದರೆ ಡಾಕ್ಟರನ್ನು ವಿನಯದಿಂದ ಕೇಳಿ ಇನ್ನೊಂದು ಸಾಲು ಸೇರಿಸಿಕೊಳ್ಳಿ: ಎಷ್ಟು ತಿಂಗಳಿಂದ, ಎಷ್ಟು ಕೆ.ಜಿ. ಇಳಿದಿದ್ದಾರೆ, ನೀರೂ ನಿಲ್ಲುತ್ತದೆಯೇ.